ಹವಳದ ದಿಬ್ಬದ ಅಸಲು ಮತ್ತು ಬಡ್ಡಿ

ತಪಸ್ಸುಕಾಲದ ಶುಕ್ರವಾರ ಬಂತೆಂದರೆ ನಮ್ಮ ಕಥೋಲಿಕ ಮನೆಗಳಲ್ಲಿ ಮಾಂಸದ ಪಾತ್ರೆಗೆ ಬಿಡುವು ದೊರೆಯುತ್ತದೆ. ಮೀನಿನ ಬುಟ್ಟಿಗೆ ಬೇಡಿಕೆ ಏರುತ್ತದೆ. ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ನಮಗೆ ಮೀನೆಂದರೆ ಕೆರೆಯ ಕಾಟ್ಲಾ, ರೋಹು; ಇಲ್ಲವೇ ತುಂಗಭದ್ರೆಯಲ್ಲಿ ಬಲೆಗೆ ಬಿದ್ದದ್ದು; ಅದೂ ಸಿಗದಿದ್ದರೆ ಘಟ್ಟ ಹತ್ತಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುವ ಬಂಗಡೆ, ಭೂತಾಯಿ. ಕೊಳ್ಳುವಾಗ ನಾವು ಕೇಳುವ ಪ್ರಶ್ನೆ ಒಂದೇ: ಕಿಲೋಗೆ ಎಷ್ಟು? ಆ ಬೆಲೆಯಲ್ಲಿ ಹಿಡಿದವನ ಪಾಲೆಷ್ಟು, ಮೀನಿಗೆ ಆಸರೆ ಕೊಟ್ಟ ನೀರಿನ ಪಾಲೆಷ್ಟು ಎಂದು ಕೇಳುವುದು ಅಪರೂಪ.

ಈ ವಾರ ಆ ಅಪರೂಪದ ಪ್ರಶ್ನೆಯನ್ನು ಓದುಗರ ಮುಂದಿಡಬಯಸುತ್ತೇವೆ. ಅದಕ್ಕೆ ನಾವು ಆರಿಸಿಕೊಂಡಿರುವುದು ಕಡಲ ನಡುವಣ ಹವಳದ ದ್ವೀಪಗಳ ಸಣ್ಣ ಮೀನುಗಾರನ ಬದುಕನ್ನು. ಬಯಲುಸೀಮೆಯ ನಮಗೂ ಆ ದ್ವೀಪಗಳಿಗೂ ಏನು ನಂಟು ಎಂದು ಕೆಲವರು ಕೇಳಬಹುದು. ನಂಟು ಇದೆ; ಅದು ಇಂದು ನಿನ್ನೆಯದಲ್ಲ.

ಕನ್ನಡ ಜಿಲ್ಲೆಯಾಗಿದ್ದ ದ್ವೀಪಗಳು

ಲಕ್ಷದ್ವೀಪ ಸಮೂಹದ ಉತ್ತರ ಭಾಗದಲ್ಲಿರುವ ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳಿಗೆ ಅಮಿನದಿವಿ ದ್ವೀಪಗಳೆಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇವು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬ್ರಿಟಿಷರ ವಶವಾಗಿ ಕೆನರಾ ಜಿಲ್ಲೆಗೆ, ಮುಂದೆ ದಕ್ಷಿಣ ಕನ್ನಡಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರೂಪುಗೊಳ್ಳುವವರೆಗೂ ಅವುಗಳ ಕಲೆಕ್ಟರರ ಕಚೇರಿ ಇದ್ದುದು ಮಂಗಳೂರಿನಲ್ಲಿ. ಕರ್ನಾಟಕ ಏಕೀಕರಣದ ಅದೇ ದಿನ ನಮ್ಮ ಧಾರವಾಡ ಜಿಲ್ಲೆ ಕನ್ನಡ ನಾಡನ್ನು ಸೇರಿತು. ಅಮಿನದಿವಿ ಕನ್ನಡ ಜಿಲ್ಲೆಯಿಂದ ಹೊರಗಾಯಿತು.

ಆ ಕಾಲದ ದ್ವೀಪವಾಸಿಯ ಮುಖ್ಯ ಆದಾಯ ಮೀನಲ್ಲ, ತೆಂಗಿನ ನಾರು. ನಾರನ್ನು ಹುರಿಹಗ್ಗ ಮಾಡಿ, ಹಾಯಿದೋಣಿಯಲ್ಲಿ ಮಂಗಳೂರಿಗೆ ತಂದು ಸರಕಾರಕ್ಕೇ ಒಪ್ಪಿಸಬೇಕಾಗಿತ್ತು. ಬದಲಿಗೆ ದೊರೆಯುತ್ತಿದ್ದುದು ಬಹುಪಾಲು ಅಕ್ಕಿ. ನಾರಿನ ಬೆಲೆಯನ್ನೂ ಅಕ್ಕಿಯ ಬೆಲೆಯನ್ನೂ ಕಟ್ಟುತ್ತಿದ್ದವನು ಕೊಳ್ಳುವವನೇ. ಅಕ್ಕಿ ಬೆಳೆಯದ ನೆಲದಲ್ಲಿ ಬದುಕುವವನಿಗೆ ಬೇರೆ ದಾರಿ ಇರಲಿಲ್ಲ. ದ್ವೀಪದ ಅರ್ಥಶಾಸ್ತ್ರದ ಮೊದಲ ಪಾಠ ಇದೇ. ದ್ವೀಪ ಕೊಡುವುದು ಒಂದೋ ಎರಡೋ ವಸ್ತು. ಅದಕ್ಕೆ ಬೇಕಾಗಿರುವುದು ನೂರಾರು. ಎರಡರ ಬೆಲೆಯೂ ನಿಶ್ಚಯವಾಗುವುದು ಕಡಲಿನ ಆಚೆ.

ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೋಗುತ್ತದೆ. ಹತ್ತು ದ್ವೀಪಗಳಲ್ಲಿ ಜನವಸತಿ ಇದೆ. ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 64,473. ಆದರೆ ಹವಳದ ದಿಬ್ಬಗಳು ಸುತ್ತುಗಟ್ಟಿ ಕಾಪಾಡುವ ಒಳಗಡಲಿನ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರ್. ನೆಲ ಅಂಗೈಯಷ್ಟು, ನೀರು ಬಯಲಿನಷ್ಟು. ಅಲ್ಲಿನವರ ಹೊಲ ಆ ನೀರೇ ಎಂದರೆ ತಪ್ಪಾಗದು.

ಬಿದಿರಿನ ಗಳೆ, ಜೀವಂತ ಎರೆ

1960ರ ದಶಕದಲ್ಲಿ ಯಂತ್ರದ ದೋಣಿಗಳು ದ್ವೀಪಗಳಿಗೆ ಬಂದವು. ಅದರೊಡನೆ ಮಿನಿಕಾಯ್ ದ್ವೀಪದವರ ಹಳೆಯ ಕಸುಬಾದ ಗಳೆ-ಗಾಳದ ಟ್ಯೂನಾ ಬೇಟೆ ಉಳಿದ ದ್ವೀಪಗಳಿಗೂ ಹಬ್ಬಿತು. ಈ ಬೇಟೆಯ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಏಕೆಂದರೆ ಲೆಕ್ಕದ ಗುಟ್ಟು ಅಲ್ಲಿಯೇ ಅಡಗಿದೆ.

ದೋಣಿಯವರು ಮೊದಲು ಒಳಗಡಲಿನಲ್ಲಿ, ಹವಳದ ಗುಂಪುಗಳ ಬಳಿ, ಬೆರಳುದ್ದದ ಸಣ್ಣ ಮೀನುಗಳನ್ನು ಬಲೆಯಿಂದ ಎತ್ತುತ್ತಾರೆ. ಇವು ತಿನ್ನಲಿಕ್ಕಲ್ಲ, ಎರೆಗಾಗಿ. ದೋಣಿಯ ಒಡಲಿನಲ್ಲಿ ಕಡಲ ನೀರು ಹರಿದಾಡುವ ತೊಟ್ಟಿಯೊಂದಿದ್ದು, ಅದರಲ್ಲಿ ಅವುಗಳನ್ನು ಜೀವಂತವಾಗಿಡುತ್ತಾರೆ. ಬಳಿಕ ದಿಬ್ಬ ದಾಟಿ ಹೊರಗಡಲಿಗೆ ಹೋಗಿ ಟ್ಯೂನಾ ಹಿಂಡನ್ನು ಹುಡುಕಿ, ಎರೆಮೀನನ್ನು ಎರಚಿ, ಮೇಲಿನಿಂದ ನೀರು ಸಿಂಪಡಿಸುತ್ತಾರೆ. ಉದ್ರೇಕಗೊಂಡ ಹಿಂಡು ಮೇಲೆ ಬಂದೊಡನೆ ಸಾಲಾಗಿ ನಿಂತವರು ಮೊನೆಮುಳ್ಳಿಲ್ಲದ ಗಾಳದಿಂದ ಒಂದೊಂದೇ ಮೀನನ್ನು ಎತ್ತಿ ದೋಣಿಗೆ ಎಸೆಯುತ್ತಾರೆ. ಬೇಡದ ಮೀನು, ಆಮೆ ಇದರಲ್ಲಿ ಸಿಲುಕುವುದು ಬಹಳ ಅಪರೂಪ. ಲೋಕದ ಮೀನುಗಾರಿಕೆಗಳಲ್ಲಿ ಇಷ್ಟು ಶುದ್ಧವಾದವು ಕೆಲವೇ.

ಬಂದ ಹಣದಲ್ಲಿ ಮೊದಲು ಇಂಧನದ ಖರ್ಚು ಕಳೆಯಬೇಕು. ಉಳಿದದ್ದರಲ್ಲಿ ದೋಣಿಗೊಂದು ಪಾಲು, ದುಡಿದವರಿಗೊಂದು ಪಾಲು. ಕೂಲಿಯೆಂಬ ನಿಶ್ಚಿತ ಮೊತ್ತವಿಲ್ಲ. ಮೀನು ಸಿಕ್ಕ ದಿನ ಎಲ್ಲರಿಗೂ ಸಿಗುತ್ತದೆ. ಸಿಗದ ದಿನ ಎಲ್ಲರೂ ಬರಿಗೈ. ಆದರೆ ಡೀಸೆಲ್ ಮಾತ್ರ ಬರಿಗೈಯ ದಿನವೂ ಉರಿಯುತ್ತದೆ. ಅದೂ ಹಡಗಿನಲ್ಲಿ ಬರಬೇಕಾದ ಡೀಸೆಲ್. ಮುಂಗಾರಿನ ತಿಂಗಳುಗಳಲ್ಲಿ ದೋಣಿಗಳು ದಡದ ಮೇಲೆ ತೆಂಗಿನಗರಿಯ ಮರೆಯಲ್ಲಿ ಮಲಗಿರುತ್ತವೆ. ಹಾಗಾಗಿ ಎಂಟು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳು ಉಣ್ಣಬೇಕು.

ಗಮನಿಸಬೇಕಾದುದು ಇದು: ಟ್ಯೂನಾ ಹೊರಗಡಲಿನ ಮೀನು, ನಿಜ. ಆದರೆ ಅದನ್ನು ಹಿಡಿಸುವ ಎರೆ ಹವಳದ ಮಡಿಲಿನ ಮೀನು. ದಿಬ್ಬ ಬಡವಾದರೆ ಎರೆ ಬಡವಾಗುತ್ತದೆ. ಎರೆ ಇಲ್ಲದ ದೋಣಿ ಎಷ್ಟೇ ದೊಡ್ಡ ಯಂತ್ರ ಹೊತ್ತರೂ ಬರಿಗೈಯಲ್ಲಿ ಮರಳುತ್ತದೆ.

ಬಡವನ ಶೈತ್ಯಾಗಾರ

ಹಿಡಿದ ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿನಲ್ಲಿ ಕಟ್ಟಿಗೆಯಂತಾಗುವ ತನಕ ಒಣಗಿಸುವ ಪದ್ಧತಿ ಅಲ್ಲಿದೆ. ಅದಕ್ಕೆ ಮಾಸ್ಮಿನ್ ಎಂದು ಹೆಸರು. ಸುಮಾರು ಐದು ಕಿಲೋ ಹಸಿ ಮೀನು ಒಂದು ಕಿಲೋ ಮಾಸ್ಮಿನ್ ಆಗುತ್ತದೆ. ಶ್ರೀಲಂಕಾದ ಅಡುಗೆಯಲ್ಲಿ ಇಂಥ ಒಣಮೀನಿನ ಪುಡಿಗೆ ವಿಶೇಷ ಸ್ಥಾನವಿರುವುದರಿಂದ ಅದರ ದೊಡ್ಡ ಗಿರಾಕಿ ಆ ದೇಶವೇ. ಅಲ್ಲಿನ ಬೇಡಿಕೆ, ಅಲ್ಲಿನ ಸುಂಕ, ಮಾಲ್ಡೀವ್ಸ್‌ನ ಪೈಪೋಟಿ ಇವು ಕದಮತ್‌ನ ಒಬ್ಬ ಮೀನುಗಾರನ ಮನೆಯ ಒಲೆಯವರೆಗೂ ಮುಟ್ಟುತ್ತವೆ.

ಈ ಒಣಗಿಸುವಿಕೆ ರುಚಿಗಾಗಿ ಮಾತ್ರ ಹುಟ್ಟಿದ್ದಲ್ಲ. ಹಸಿ ಮೀನಿಗೆ ಕಾಯುವ ಶಕ್ತಿ ಇಲ್ಲ. ಸಂಜೆಯೊಳಗೆ ಮಾರದಿದ್ದರೆ ಅದು ಕಸ. ಒಣಗಿದ ಮೀನು ತಿಂಗಳುಗಟ್ಟಲೆ ಕಾಯಬಲ್ಲದು. ಬೆಲೆ ಬರುವ ತನಕ, ಹಡಗು ಬರುವ ತನಕ. ಬ್ಯಾಡಗಿಯ ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ನಮ್ಮ ಮೆಣಸಿನಕಾಯಿಯನ್ನು ಒಣಗಿಸುವುದೂ ಶೈತ್ಯಾಗಾರದಲ್ಲಿ ಇಡುವುದೂ ಅದೇ ಕಾರಣಕ್ಕೆ. ಕರಾವಳಿಯ ಮೀನುಸಾರಿಗೆ ಬಣ್ಣ ಕೊಡುವ ನಮ್ಮ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಗುರುತನ್ನೇನೋ ಪಡೆಯಿತು; ಆದರೆ ಗುರುತು ಪಡೆದ ಮಾತ್ರಕ್ಕೆ ಬೆಲೆ ಬೆಳೆಗಾರನ ಕೈಗೆ ಬರಲಿಲ್ಲ. 2024ರ ಮಾರ್ಚ್ 11ರಂದು ಬೆಲೆ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಕಲ್ಲಾಗಿ, ಬೆಂಕಿಯಾಗಿ ಹೊರಬಿದ್ದುದನ್ನು ನಾವೆಲ್ಲ ಬಲ್ಲೆವು. ಕಾಯಬಲ್ಲ ಸರಕಿಗೇ ಆ ಗತಿಯಾದರೆ, ಕಾಯಲಾರದ ಹಸಿ ಮೀನಿನವನ ಗತಿಯನ್ನು ಊಹಿಸಿಕೊಳ್ಳಬಹುದು.

ಲೆಕ್ಕಕ್ಕೆ ಬಾರದ ಮೀನು

ಟ್ಯೂನಾ ಮಾರಾಟದ ಮೀನಾದರೆ, ದಿಬ್ಬದ ಮೀನು ಬಹುಕಾಲ ಮನೆಯ ಮೀನಾಗಿತ್ತು. ಇಳಿತದ ವೇಳೆ ನೀರು ಸರಿದ ಹವಳದ ಹಾಸಿನ ಮೇಲೆ ನಡೆದು ಕಬ್ಬಿಣದ ಸಲಾಕೆಯಿಂದ ಅಷ್ಟಪದಿಯನ್ನು ಹಿಡಿಯುವುದು, ಕವಡೆ ಹೆಕ್ಕುವುದು, ಸಣ್ಣ ಬಲೆ ಬೀಸುವುದು, ದಡದಿಂದ ಗಾಳ ಹಾಕುವುದು ಇವೆಲ್ಲ ಅಲ್ಲಿನ ನಿತ್ಯದ ಕೆಲಸಗಳು. ಇವುಗಳಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಮಕ್ಕಳು, ಮುದುಕರೂ ಕೈಗೂಡಿಸುತ್ತಾರೆ. ದೋಣಿ ಬೇಡ, ಡೀಸೆಲ್ ಬೇಡ, ಸಾಲ ಬೇಡ. ಮುಂಗಾರಿನಲ್ಲಿ ದೋಣಿ ಹೊರಡದ ದಿನಗಳಲ್ಲೂ ಒಳಗಡಲು ಒಂದು ಹೊತ್ತಿನ ಸಾರಿಗೆ ಆಗುವಷ್ಟು ಕೊಡುತ್ತದೆ.

ಈ ಮೀನು ಮಾರುಕಟ್ಟೆಗೆ ಹೋಗುವುದಿಲ್ಲವಾದ್ದರಿಂದ ಯಾವ ಖಾತೆ-ಕಿರ್ದಿಯಲ್ಲೂ ಏರುವುದಿಲ್ಲ. ಆದರೆ ಮನೆಯ ಅರ್ಥವ್ಯವಸ್ಥೆಯಲ್ಲಿ ಅದರ ಬೆಲೆ ದೊಡ್ಡದು. ನಮ್ಮ ಹಳ್ಳಿಗಳಲ್ಲಿ ಹಿತ್ತಲಿನ ನುಗ್ಗೆ, ಬದುವಿನ ಸೊಪ್ಪು, ಮನೆಯ ಹಸುವಿನ ಮಜ್ಜಿಗೆ ಯಾವ ವರದಿಯಲ್ಲೂ ಕಾಣದೆ ಬಡ ಕುಟುಂಬವನ್ನು ಬೇಸಗೆ ದಾಟಿಸುವುದಿಲ್ಲವೇ? ಹಾಗೆಯೇ ಇದು. ಲೆಕ್ಕದಲ್ಲಿ ಸೊನ್ನೆಯಾಗಿ ಕಾಣುವುದು ಕಷ್ಟಕಾಲದಲ್ಲಿ ಸರ್ವಸ್ವವಾಗುತ್ತದೆ.

ಮಂಜುಗಡ್ಡೆಯೊಡನೆ ಬಂದ ಗಿರಾಕಿ

ಇತ್ತೀಚಿನ ವರ್ಷಗಳಲ್ಲಿ ಈ ಮನೆಯ ಮೀನಿಗೂ ಹೊರಗಿನ ಗಿರಾಕಿ ಹುಟ್ಟಿದ್ದಾನೆ. ನಮ್ಮ ಕರಾವಳಿಯವರು ಮುರು ಮೀನು ಎನ್ನುವ ಗ್ರೂಪರ್, ಕೆಂಬೇರಿ ಮುಂತಾದ ದಿಬ್ಬದ ಮೀನುಗಳಿಗೆ ಮುಖ್ಯಭೂಮಿಯ ಹೋಟೆಲುಗಳಲ್ಲಿಯೂ ರಫ್ತಿನಲ್ಲಿಯೂ ಒಳ್ಳೆಯ ಬೆಲೆ. ಮಂಜುಗಡ್ಡೆ ತುಂಬಿಕೊಂಡು ಬಂದು ಖರೀದಿಸುವವರು ಕೈಯಲ್ಲಿ ನಗದು ಹಿಡಿದಿರುತ್ತಾರೆ. ಟ್ಯೂನಾ ಕೈಕೊಟ್ಟ ವರ್ಷ, ದೋಣಿಯ ಸಾಲದ ಕಂತು ಎದುರಿಗಿರುವಾಗ, ಆ ನಗದನ್ನು ಬೇಡವೆನ್ನುವುದು ಯಾರಿಂದಲೂ ಸುಲಭವಲ್ಲ. ಬಿತ್ತನೆಗೆ ಮುನ್ನ ದಲಾಲಿಯಿಂದ ಮುಂಗಡ ಪಡೆದ ರೈತ ಕೊಯ್ಲಿನ ದಿನ ಬೆಲೆ ಮಾತಾಡಲಾರನು. ಈ ಕಷ್ಟವೂ ಅದೇ ಜಾತಿಯದು.

ತೊಡಕು ಬೆಲೆಯಲ್ಲಿಲ್ಲ, ಮೀನಿನ ಸ್ವಭಾವದಲ್ಲಿದೆ. ಅಲ್ಲಿ ಹೆಚ್ಚಾಗಿ ಸಿಗುವ ಸ್ಕಿಪ್‌ಜಾಕ್ ಟ್ಯೂನಾ ಬೇಗ ಬೆಳೆದು, ಬೇಗ ಮರಿಮಾಡುವ, ಸಾಗರವೆಲ್ಲ ಅಲೆಯುವ ಮೀನು. ಮುರು ಮೀನು ಹಾಗಲ್ಲ. ಅದು ನಿಧಾನವಾಗಿ ಬೆಳೆಯುತ್ತದೆ, ಹಲವು ವರ್ಷ ಬಾಳುತ್ತದೆ, ಒಂದೇ ದಿಬ್ಬದ ಆಸುಪಾಸಿನಲ್ಲಿ ಇರುತ್ತದೆ. ಅದರ ಅನೇಕ ಜಾತಿಗಳು ಹೆಣ್ಣಾಗಿ ಬದುಕು ಆರಂಭಿಸಿ, ದೊಡ್ಡವಾದ ಮೇಲೆ ಗಂಡಾಗುತ್ತವೆ. ಗಿರಾಕಿ ದೊಡ್ಡದನ್ನೇ ಬಯಸುವುದರಿಂದ ಮೊದಲು ಖಾಲಿಯಾಗುವುದು ಗಂಡುಗಳೇ. ಮರಿಮಾಡುವ ಕಾಲದಲ್ಲಿ, ಅಮಾವಾಸ್ಯೆಯ ಆಸುಪಾಸಿನ ಕೆಲವೇ ದಿನ, ಅವು ಗೊತ್ತಾದ ಒಂದು ಜಾಗದಲ್ಲಿ ನೂರಾರು ಸಂಖ್ಯೆಯಲ್ಲಿ ಸೇರುತ್ತವೆ. ಬಿತ್ರ ದ್ವೀಪದ ಬಳಿ ಇಂಥ ಕೂಟವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಆ ಜಾಗವೂ ಆ ದಿನವೂ ಗೊತ್ತಿರುವವನು ಹಲವು ವರ್ಷಗಳ ಮೀನನ್ನು ಕೆಲವೇ ದಿನಗಳಲ್ಲಿ ಎತ್ತಿಬಿಡಬಲ್ಲನು.

ಟ್ಯೂನಾ ಬಡ್ಡಿಯಿದ್ದಂತೆ, ತೆಗೆದಷ್ಟೂ ಮತ್ತೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ದಿಬ್ಬದ ಮೀನು ಅಸಲು. ಬಡ್ಡಿಯನ್ನು ಉಂಡವನು ಬಾಳುತ್ತಾನೆ. ಅಸಲಿಗೆ ಕೈ ಹಾಕಿದವನು ಎರಡು ವರ್ಷ ಶ್ರೀಮಂತನಾಗಿ ಕಾಣುತ್ತಾನೆ.

ಕಡಲು ಕಾದಾಗ

ಅಸಲಿಗೆ ಇನ್ನೊಂದು ಕಡೆಯಿಂದಲೂ ಪೆಟ್ಟು ಬಿದ್ದಿದೆ. ಕಡಲ ನೀರು ಅತಿಯಾಗಿ ಬಿಸಿಯಾದಾಗ ಹವಳದ ಜೀವಿ ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಆ ಪಾಚಿಯೇ ಅದರ ಬಣ್ಣ, ಆಹಾರ ಎರಡೂ. ಹವಳ ಬಿಳಿಚಿಕೊಳ್ಳುತ್ತದೆ; ಬಿಸಿ ಮುಂದುವರಿದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ, ಮತ್ತೆ 2024ರ ಬೇಸಗೆಯಲ್ಲಿ ಇದು ಸಂಭವಿಸಿತು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯ ವಿಜ್ಞಾನಿಗಳು ಆಗತ್ತಿ, ಕದಮತ್, ಕವರತ್ತಿ ದ್ವೀಪಗಳಲ್ಲಿ 1998ರಿಂದ 24 ವರ್ಷ ಅಳೆದು ನೋಡಿದಾಗ, ಜೀವಂತ ಹವಳದ ಹರವು ಸುಮಾರು ಶೇಕಡ 37ರಿಂದ ಸುಮಾರು ಶೇಕಡ 19ಕ್ಕೆ ಇಳಿದಿತ್ತು. ಅಂದರೆ ಒಂದು ತಲೆಮಾರಿನೊಳಗೆ ಅರ್ಧ.

ಹವಳ ಮತ್ತೆ ಬೆಳೆಯಬಲ್ಲದು. ಆದರೆ ಅದಕ್ಕೆ ಬಿಡುವು ಬೇಕು, ನೆರವೂ ಬೇಕು. ಸತ್ತ ಹವಳದ ಮೇಲೆ ಹಬ್ಬುವ ಪಾಚಿಯನ್ನು ಕೆರೆದು ತಿಂದು, ಹೊಸ ಹವಳಕ್ಕೆ ನೆಲೆ ಮಾಡಿಕೊಡುವುದು ಗಿಳಿಮೀನಿನಂಥ ಮೀನುಗಳು. ಅವು ಹವಳದ ಕಲ್ಲನ್ನು ಅರೆದು ಬಿಡುವ ಪುಡಿಯೇ ದ್ವೀಪದ ಬಿಳಿ ಮರಳಿನ ಒಂದು ಪಾಲು. ಅಂಥ ಮೀನನ್ನೂ ಮಂಜುಗಡ್ಡೆಯ ಪೆಟ್ಟಿಗೆಗೆ ತುಂಬಿದರೆ ಗಾಯಗೊಂಡವನ ವೈದ್ಯನನ್ನೇ ಕಳುಹಿಸಿಬಿಟ್ಟಂತೆ.

ದಿಬ್ಬದ ಕೆಲಸ ಮೀನು ಕೊಡುವುದಷ್ಟೇ ಅಲ್ಲ. ಕಡಲಿಗಿಂತ ಕೆಲವೇ ಮೀಟರು ಎತ್ತರವಿರುವ ಆ ನೆಲಕ್ಕೆ ಅಪ್ಪಳಿಸುವ ಅಲೆಗಳ ಬಲವನ್ನು ಮುರಿಯುವ ಗೋಡೆ ಅದೇ. 2017ರ ಡಿಸೆಂಬರ್ ಮೊದಲ ದಿನಗಳಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪವನ್ನು ಹಾದುಹೋಯಿತು. ಅದೇ ಬಿರುಗಾಳಿ ಕನ್ಯಾಕುಮಾರಿ, ತಿರುವನಂತಪುರ ಕರಾವಳಿಯ ಎಷ್ಟೋ ಕಥೋಲಿಕ ಮನೆಗಳ ಗಂಡಸರನ್ನು ಕಡಲಿನಲ್ಲೇ ಉಳಿಸಿಕೊಂಡಿತು. ಅಂಥ ಗಾಳಿ ಮತ್ತೆ ಬೀಸಿದಾಗ ದಿಬ್ಬ ಗಟ್ಟಿಯಾಗಿರುವುದೋ ಸವೆದಿರುವುದೋ ಎಂಬುದು ದ್ವೀಪಕ್ಕೆ ಸಾವು-ಬದುಕಿನ ಪ್ರಶ್ನೆ. ಒಂದು ಕಿಲೋ ಮುರು ಮೀನಿನ ಬೆಲೆಯಲ್ಲಿ ಈ ಗೋಡೆಯ ಬೆಲೆಯನ್ನು ಯಾವ ವ್ಯಾಪಾರಿಯೂ ಸೇರಿಸುವುದಿಲ್ಲ.

ನಮ್ಮ ಕೆರೆ, ಅವರ ದಿಬ್ಬ

ಈಗ ನಮ್ಮ ಊರಿನ ಕಡೆ ನೋಡೋಣ. ನಮ್ಮ ಸೀಮೆಯಲ್ಲಿಯೂ ನೀರನ್ನು ನಂಬಿ ಬದುಕುವವರಿದ್ದಾರೆ. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರಾ ತೀರದ ಚೌಡದಾನಪುರ ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಊರು. ದೋಣಿ ನಡೆಸುವ ಕಾಯಕಕ್ಕೆ ಇಲ್ಲಿ ಅಷ್ಟು ಹಳೆಯ ಗೌರವವಿದೆ. ಇಂದು ಅಂಬಿಗ, ಗಂಗಾಮತ ಸಮಾಜಗಳ ಕುಟುಂಬಗಳು ಹೊಳೆಯಲ್ಲಿ ಬಲೆ ಬೀಸುತ್ತವೆ. ಸಹಕಾರ ಸಂಘಗಳು ಕೆರೆಗಳನ್ನು ಗುತ್ತಿಗೆ ಹಿಡಿಯುತ್ತವೆ. ಗುತ್ತಿಗೆಯ ಹಣ, ಮರಿಗಳ ಬೆಲೆ, ಕಾವಲಿನ ಖರ್ಚು, ವ್ಯಾಪಾರಿಯ ಮುಂಗಡ ಎಲ್ಲವನ್ನೂ ಕಳೆದು ಉಳಿದದ್ದು ಅವರ ಕೂಲಿ. ಈ ಲೆಕ್ಕ ದ್ವೀಪದವನ ಲೆಕ್ಕಕ್ಕಿಂತ ಬೇರೆಯಲ್ಲ.

ಆದರೆ ಒಂದು ದೊಡ್ಡ ಭೇದವುಂಟು. ಬರಗಾಲದಲ್ಲಿ ನಮ್ಮ ಕೆರೆ ಬತ್ತಿದರೆ, ಮಳೆ ಬಂದ ಮೇಲೆ ಮೀನುಗಾರಿಕೆ ಇಲಾಖೆಯ ಮರಿಪಾಲನಾ ಕೇಂದ್ರದಿಂದ ಕಾಟ್ಲಾ, ರೋಹು, ಮೃಗಾಲ ಮರಿಗಳನ್ನು ತಂದು ಬಿಡುತ್ತೇವೆ. ಕೆಲವು ತಿಂಗಳಲ್ಲಿ ಕೆರೆ ಮತ್ತೆ ಮೀನು ಕೊಡುತ್ತದೆ. ಕಳೆದುಕೊಂಡ ಅಸಲನ್ನು ಹಣ ಕೊಟ್ಟು ತಂದು ಹಾಕಲು ನಮಗೆ ದಾರಿ ಇದೆ. ಹವಳದ ದಿಬ್ಬಕ್ಕೆ ಅಂಥ ಮರಿಕೇಂದ್ರವಿಲ್ಲ. ಶತಮಾನಗಳ ಕಾಲ ಬೆಳೆದ ದಿಬ್ಬವನ್ನೂ ಅದರ ನೂರಾರು ಬಗೆಯ ಮೀನುಗಳನ್ನೂ ಲಾರಿಯಲ್ಲಿ ತಂದು ಸುರಿಯಲಾಗದು. ಕೆರೆಯವನ ನಷ್ಟ ವರ್ಷದ್ದು. ದಿಬ್ಬದವನ ನಷ್ಟ ತಲೆಮಾರಿನದು. ಆದ್ದರಿಂದಲೇ ಅಲ್ಲಿ ಎಷ್ಟು ಹಿಡಿಯಬೇಕು ಎಂಬುದಕ್ಕಿಂತ ಎಷ್ಟನ್ನು ಬಿಡಬೇಕು ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಬಿಟ್ಟುದರಿಂದ ಬಂದ ಲಾಭ

ಬಿಡುವುದು ಹೊಟ್ಟೆ ತುಂಬಿದವರ ಉಪದೇಶವೆಂದು ಯಾರೂ ತಿಳಿಯಬಾರದು. ಫಿಲಿಪ್ಪೀನ್ಸ್ ದೇಶದ ಅಪೋ ಎಂಬ ಪುಟ್ಟ ದ್ವೀಪದ ಬಡ ಮೀನುಗಾರರು, ಸಿಲಿಮಾನ್ ವಿಶ್ವವಿದ್ಯಾನಿಲಯದ ಆಂಜೆಲ್ ಅಲ್ಕಾಲಾ ಅವರ ಸಲಹೆಯಂತೆ, 1982ರಲ್ಲಿ ತಮ್ಮ ದಿಬ್ಬದ ಒಂದು ಸಣ್ಣ ಭಾಗದಲ್ಲಿ ಮೀನು ಹಿಡಿಯುವುದನ್ನು ತಾವಾಗಿಯೇ ನಿಲ್ಲಿಸಿದರು. ಕಾವಲೂ ತಮ್ಮದೇ. ಉಳಿದ ಭಾಗದಲ್ಲಿ ಗಾಳ, ಬಲೆ ಎಂದಿನಂತೆ. ವರ್ಷಗಳು ಕಳೆದಂತೆ ಮುಚ್ಚಿದ ಭಾಗದಲ್ಲಿ ಮೀನು ದಟ್ಟವಾಗಿ, ಹೊರಗೆ ಹರಿದು ಬಂದು, ದೋಣಿಯವರು ದೂರ ಹೋಗದೆ ಮನೆಯ ಬಳಿಯೇ ಹಿಡಿಯುವಂತಾಯಿತು. ಇಂಧನವೂ ಉಳಿಯಿತು, ಸಮಯವೂ ಉಳಿಯಿತು. 2011 ಮತ್ತು 2012ರ ಬಿರುಗಾಳಿಗಳು ಆ ರಕ್ಷಿತ ಭಾಗದ ಹವಳವನ್ನು ಬಹಳ ಹಾಳುಮಾಡಿದವು ಎಂಬುದೂ ನಿಜ. ದಿಬ್ಬ ಕಾಯ್ದವನಿಗೂ ಪ್ರಕೃತಿ ಪೆಟ್ಟು ಕೊಡಬಹುದು. ಆದರೆ ಕಾಯ್ದವನಿಗೆ ಏಳಲು ಒಂದು ಆಸರೆಯಾದರೂ ಉಳಿದಿರುತ್ತದೆ.

ಅಪೋದಲ್ಲಿ ಕೆಲಸ ನಡೆದುದು ಊರಿನವರು ಒಪ್ಪಿದ್ದರಿಂದ. ಮೇಲಿನಿಂದ ಬಂದ ಆಜ್ಞೆಯಾಗಿದ್ದರೆ ರಾತ್ರಿಯ ದೋಣಿಗಳು ನಿಲ್ಲುತ್ತಿರಲಿಲ್ಲ. 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಸದಸ್ಯ ರಾಷ್ಟ್ರಗಳು ಒಪ್ಪಿಕೊಂಡ ಸಣ್ಣ ಮೀನುಗಾರಿಕೆಯ ಮಾರ್ಗಸೂಚಿಗಳ ಸಾರವೂ ಇದೇ: ನೀರಿನ ಮೇಲಣ ಹಕ್ಕು ಮತ್ತು ಹೊಣೆ ಎರಡನ್ನೂ ಅದನ್ನು ನಂಬಿದವರ ಕೈಗೆ ಕೊಡಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಹೊರಡಿಸಿದ ವಿಶ್ವಪತ್ರದಲ್ಲಿಯೂ ಹವಳದ ದಿಬ್ಬಗಳ ಪ್ರಸ್ತಾಪವಿದೆ ಎಂಬುದನ್ನು ನಮ್ಮ ಓದುಗರು ಬಲ್ಲರು. ಧರ್ಮಪೀಠದ ಬರಹವೊಂದು ಕಡಲಿನ ತಳದ ಜೀವಿಗಾಗಿ ಮರುಗಿದ್ದರೆ, ಅದರ ಹಿಂದೆ ಅದನ್ನೇ ನಂಬಿದ ಬಡವರ ನೆನಪಿದೆ.

ದ್ವೀಪದವನಿಗೆ ಬೇಕಾಗಿರುವುದು ಕನಿಕರವಲ್ಲ. ಟ್ಯೂನಾಕ್ಕೆ ನ್ಯಾಯವಾದ ಬೆಲೆ, ಮಾಸ್ಮಿನ್‌ಗೆ ಮಧ್ಯವರ್ತಿಯ ಹಿಡಿತವಿಲ್ಲದ ಮಾರುಕಟ್ಟೆ, ಮೀನು ಸಿಗದ ವರ್ಷ ಕಂತಿಗೆ ಬಿಡುವು ಕೊಡುವ ಸಾಲ. ಇವು ದೊರೆತರೆ ಅವನು ದಿಬ್ಬದ ಮೀನಿಗೆ ಕೈ ಹಾಕಬೇಕಾದ ಒತ್ತಡವೇ ಕಡಿಮೆಯಾಗುತ್ತದೆ. ಬಡ್ಡಿಯಲ್ಲಿ ಬಾಳಲು ಸಾಧ್ಯವಾದವನು ಅಸಲನ್ನು ಮುಟ್ಟುವುದಿಲ್ಲ. ದಿಬ್ಬವನ್ನು ಉಳಿಸುವ ದಾರಿ ಮೀನುಗಾರನ ಜೇಬಿನ ಮೂಲಕವೇ ಹಾದುಹೋಗುತ್ತದೆ ಎಂಬುದೇ ಈ ಲೇಖನದಲ್ಲಿ ನಾವು ಹೇಳಬಯಸಿದ ಮಾತು.

ನಮ್ಮಿಂದಾಗುವುದು ಸಣ್ಣದು, ಆದರೆ ಇಲ್ಲವೆನ್ನುವಂತಿಲ್ಲ. ಮದುವೆ, ಹಬ್ಬಗಳ ಊಟಕ್ಕೆ ಮೀನು ತರಿಸುವಾಗ ದೊಡ್ಡ ದಿಬ್ಬದ ಮೀನೇ ಆಗಬೇಕೆಂಬ ಹಟ ಬಿಡಬಹುದು. ಕೆರೆಯ ಮೀನನ್ನು, ಬಂಗಡೆ-ಭೂತಾಯಿಯಂಥ ಬೇಗ ಬೆಳೆಯುವ ಮೀನನ್ನು ಆರಿಸಬಹುದು. ನಮ್ಮದೇ ಊರಿನ ಬಲೆಗಾರನೊಡನೆ ಐದು ರೂಪಾಯಿಗೆ ಚೌಕಾಸಿ ಮಾಡುವ ಮುನ್ನ ಅವನ ಗುತ್ತಿಗೆಯ ಲೆಕ್ಕವನ್ನೊಮ್ಮೆ ನೆನೆಯಬಹುದು. ಮೆಣಸಿನಕಾಯಿಯ ಬೆಲೆ ಬಿದ್ದಾಗ ದೂರದ ಊರಿನವರು ನಮ್ಮ ಕಷ್ಟವನ್ನು ತಿಳಿಯಲಿ ಎಂದು ಬಯಸುವ ನಾವು, ಕಡಲ ನಡುವೆ ನಮ್ಮಂತೆಯೇ ಬೆಲೆಗಾಗಿ ಕಾಯುವವನ ಕಷ್ಟವನ್ನು ತಿಳಿದಿರುವುದು ನ್ಯಾಯ.